ಹೆಸರು ಬದಲಾದರೆ ಕಾವಲು ತಪ್ಪೀತೆ?

ಕೆಲವು ಕಾಲದ ಹಿಂದೆ ಕುರುಗೋಡಿನ ಬಳಿಯ ಹಳ್ಳಿಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನದ ಅರ್ಜಿಯನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದನು. ಅವನ ಅರ್ಜಿಯನ್ನು ಗಣಕಯಂತ್ರವು ಒಪ್ಪುತ್ತಿರಲಿಲ್ಲ. ಹಳೆಯ ಪ್ರಮಾಣಪತ್ರದಲ್ಲಿ ಅವನ ತಾಲ್ಲೂಕು ಬಳ್ಳಾರಿ ಎಂದಿತ್ತು. ಹೊಸದರಲ್ಲಿ ಕುರುಗೋಡು ಎಂದಿತ್ತು. ಜಿಲ್ಲೆಯ ಹೆಸರಾದರೋ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ವಿಧವಾಗಿಯೂ ಇನ್ನೊಂದು ಕಡೆ ಇನ್ನೊಂದು ವಿಧವಾಗಿಯೂ ಇದ್ದಿತು. "ಸಾರ್, ನಾನು ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿದ್ದೇನೆ. ಈ ಕಾಗದಗಳನ್ನು ನೋಡಿದರೆ ಎರಡು ತಾಲ್ಲೂಕುಗಳಲ್ಲಿ ವಾಸ ಮಾಡಿದ ಹಾಗಿದೆ" ಎಂದು ಅವನು ನಕ್ಕನು. ಆದರೆ ಅರ್ಜಿ ಸಲ್ಲಿಸಲು ಉಳಿದಿದ್ದುದು ಎರಡೇ ದಿನ. ಅವನ ಮುಖದಲ್ಲಿ ನಗುವಿಗಿಂತ ಚಿಂತೆಯೇ ಹೆಚ್ಚಾಗಿತ್ತು.

ಊರು ಕದಲಿರಲಿಲ್ಲ, ಮನೆ ಕದಲಿರಲಿಲ್ಲ, ಹುಡುಗನೂ ಬೇರೆಯವನಾಗಿರಲಿಲ್ಲ. ಬದಲಾದುದು ಹೆಸರು. ಆ ಹೆಸರನ್ನು ನೆಚ್ಚಿಕೊಂಡಿದ್ದ ದಾಖಲೆಗಳು ಅದರೊಡನೆ ಬದಲಾಗದೆ ಉಳಿದವು. ಇದೇ ತೊಡಕು ಗಣಕಜಾಲಗಳನ್ನು ಕಾಯುವ 'ಫೈರ್‌ವಾಲ್' ಎಂಬ ಸಾಧನದಲ್ಲಿಯೂ ಉಂಟಾಗುವುದು. ಅಲ್ಲಿ ಅದರ ಫಲವು ಇನ್ನೂ ವಿಷಮವಾದುದು. ಏಕೆಂದರೆ ಕೆಲವು ಸಂದರ್ಭಗಳಲ್ಲಿ ತಪ್ಪು ನಡೆದಿದೆಯೆಂಬುದೇ ಯಾರಿಗೂ ತಿಳಿಯುವುದಿಲ್ಲ. ಈ ತೊಡಕಿನ ಸ್ವರೂಪವೇನು, ಅದನ್ನು ನಿವಾರಿಸುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಏಳು ಅಕ್ಷರಗಳಲ್ಲಿ ಎರಡು

2014ನೆಯ ಇಸವಿಯ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ತಿದ್ದಲಾಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಹೊಸಪೇಟೆಗಳೊಡನೆ ನಮ್ಮ ಬಳ್ಳಾರಿಯೂ ಆ ಪಟ್ಟಿಯಲ್ಲಿತ್ತು. ಕನ್ನಡಿಗರಿಗೆ ಬಳ್ಳಾರಿಯು ಅದಕ್ಕೆ ಮೊದಲೂ ಬಳ್ಳಾರಿಯೇ, ಅನಂತರವೂ ಬಳ್ಳಾರಿಯೇ. ಇಂಗ್ಲಿಷಿನಲ್ಲಿಯೂ ಹಳೆಯ ಹೆಸರಿಗೆ ಏಳು ಅಕ್ಷರ, ಹೊಸ ಹೆಸರಿಗೂ ಏಳು ಅಕ್ಷರ. ಎರಡನೆಯ ಅಕ್ಷರವಾದ 'ಇ' ಹೋಗಿ 'ಎ' ಬಂದಿತು. ಕೊನೆಯ ಅಕ್ಷರವಾದ 'ವೈ' ಹೋಗಿ 'ಐ' ಬಂದಿತು. ಇಷ್ಟೇ ವ್ಯತ್ಯಾಸ.

ಮನುಷ್ಯನ ಕಣ್ಣಿಗೆ ಇದು ಅಲ್ಪ. ಹಳೆಯ ಕಾಗುಣಿತದಲ್ಲಿ ವಿಳಾಸ ಬರೆದ ಲಕೋಟೆಯನ್ನು ಕಂಡು ನಮ್ಮ ಅಂಚೆಯವನು ಗಲಿಬಿಲಿಗೊಳ್ಳುವುದಿಲ್ಲ. ಅವನಲ್ಲಿ ಅರ್ಥವನ್ನು ಗ್ರಹಿಸುವ ಬುದ್ಧಿಯುಂಟು. ಗಣಕಯಂತ್ರವಾದರೋ ಅಕ್ಷರಕ್ಕೆ ಅಕ್ಷರವನ್ನು ಎದುರಿಟ್ಟು ಹೋಲಿಸುವುದು. ಏಳರಲ್ಲಿ ಆರು ಹೊಂದಿದರೂ ಒಂದು ಹೊಂದದಿದ್ದರೆ ಅದರ ಪಾಲಿಗೆ ಅವು ಎರಡು ಬೇರೆ ಬೇರೆ ಊರುಗಳು. ಈ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವೆಲ್ಲವೂ ಸುಲಭವಾಗುವುದು.

ಫೈರ್‌ವಾಲ್ ಎಂದರೇನು?

ಒಂದು ಮನೆಯ ಬೆಂಕಿಯು ಪಕ್ಕದ ಮನೆಗೆ ಹಬ್ಬದಂತೆ ನಡುವೆ ಕಟ್ಟುವ ದಪ್ಪನೆಯ ಗೋಡೆಗೆ ಇಂಗ್ಲಿಷಿನಲ್ಲಿ ಫೈರ್‌ವಾಲ್ ಎಂದು ಹೆಸರು. ಗಣಕಜಾಲದವರು ಈ ಹೆಸರನ್ನು ಎರವಲು ಪಡೆದರು. ಆದರೆ ಜಾಲದ ಫೈರ್‌ವಾಲು ಬರಿಯ ಗೋಡೆಯಲ್ಲ, ಬಾಗಿಲುಳ್ಳ ಗೋಡೆ. ಅದನ್ನು ಕೋಟೆಯ ಬಾಗಿಲಿನಲ್ಲಿ ನಿಂತ ಕಾವಲುಗಾರನಿಗೆ ಹೋಲಿಸುವುದು ಹೆಚ್ಚು ಯುಕ್ತ.

ಗಣಕಗಳು ಪರಸ್ಪರ ಕಳುಹಿಸುವ ಮಾಹಿತಿಯು 'ಪ್ಯಾಕೆಟ್' ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುವುದು. ಪ್ರತಿ ಕಟ್ಟಿನ ಮೇಲೆಯೂ ಅದು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಎಂಬ ವಿಳಾಸಗಳಿರುವುವು. ಬಹುವಾಗಿ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಈ ವಿಳಾಸವು 0ಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳಿಂದ ಆದುದು, ಉದಾಹರಣೆಗೆ 10.34.1.20. ಯಾವ ಬಗೆಯ ಸೇವೆ ಬೇಕೆಂಬುದನ್ನು ಸೂಚಿಸುವ 'ಪೋರ್ಟ್' ಸಂಖ್ಯೆಯೂ ಅದರಲ್ಲಿರುವುದು. ಗೂಢಲಿಪಿಯಲ್ಲಿ ಸಾಗುವ ಜಾಲಪುಟಗಳಿಗೆ 443 ಎಂಬುದು ರೂಢಿಯ ಪೋರ್ಟ್ ಸಂಖ್ಯೆ.

ಕಾವಲುಗಾರನ ಕೈಯಲ್ಲಿ ನಿಯಮಗಳ ಒಂದು ಪಟ್ಟಿಯಿರುವುದು. ಪ್ಯಾಕೆಟ್ ಬಂದೊಡನೆ ಅವನು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುವನು. ಯಾವ ನಿಯಮವು ಮೊದಲು ಹೊಂದುವುದೋ ಅದರಂತೆ ಒಳಕ್ಕೆ ಬಿಡುವನು ಅಥವಾ ತಡೆಯುವನು. ಯಾವುದೂ ಹೊಂದದಿದ್ದರೆ ತಡೆಯಬೇಕೆಂಬುದು ಒಳ್ಳೆಯ ಪಟ್ಟಿಯ ಕಡೆಯ ನಿಯಮ.

ನಮ್ಮ ಬಳ್ಳಾರಿಯ ಗುಡ್ಡದ ಕೋಟೆಯ ವಿಷಯದಲ್ಲಿ ಒಂದು ಐತಿಹ್ಯವುಂಟು. ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಬಲಪಡಿಸಿದನೆಂದೂ, ಸಮೀಪದ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವೆಂಬುದು ಆಮೇಲೆ ಗೊತ್ತಾಗಿ ಆ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದೂ ಹಿರಿಯರು ಹೇಳುವರು. ಕಥೆ ನಿಜವೋ ಅಲ್ಲವೋ, ಅದರ ತಾತ್ಪರ್ಯವು ನಮಗೆ ಪ್ರಯೋಜನಕಾರಿ. ಕಲ್ಲಿನಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಲೆಕ್ಕಾಚಾರದಲ್ಲಿ. ಫೈರ್‌ವಾಲಿನ ಬಹುಪಾಲು ತಪ್ಪುಗಳೂ ಹೀಗೆಯೇ. ಯಂತ್ರವು ಸರಿಯಾಗಿಯೇ ಇರುವುದು, ಪಟ್ಟಿಯು ತಪ್ಪಾಗಿರುವುದು.

ಸಂಖ್ಯೆಗೆ ಬದಲು ಹೆಸರು

ಒಂದು ವಿದ್ಯಾಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಅದರ ಮುಖ್ಯ ಕಾಲೇಜು ಬಳ್ಳಾರಿಯಲ್ಲಿದೆ, ಶಾಖೆಯು ಸಿರುಗುಪ್ಪದಲ್ಲಿದೆ, ಚಿಕ್ಕದೊಂದು ಅಧ್ಯಯನ ಕೇಂದ್ರವು ಕುರುಗೋಡಿನಲ್ಲಿದೆ. ವಿದ್ಯಾರ್ಥಿಗಳ ಅಂಕಗಳನ್ನೆಲ್ಲ ಬಳ್ಳಾರಿಯಲ್ಲಿರುವ ಒಂದು ಗಣಕದಲ್ಲಿ ಇಟ್ಟಿದ್ದಾರೆ. ವಿಳಾಸಗಳ ಅಂಕಿಗಳನ್ನು ಪದೇ ಪದೇ ಬರೆಯುವುದು ಬೇಸರದ ಕೆಲಸವಾದುದರಿಂದ, ಫೈರ್‌ವಾಲಿನಲ್ಲಿ ಮೊದಲು ಹೆಸರುಗಳ ಕೋಷ್ಟಕವೊಂದನ್ನು ಬರೆದುಕೊಂಡಿದ್ದಾರೆ:

ಅಂಕಭಂಡಾರ: 10.34.1.20
ಪ್ರಯೋಗಾಲಯ: 10.34.5.0ಯಿಂದ 10.34.5.255ರವರೆಗೆ
ಬಳ್ಳಾರಿ: 10.34.0.0ಯಿಂದ 10.34.7.255ರವರೆಗೆ
ಸಿರುಗುಪ್ಪ: 10.34.8.0ಯಿಂದ 10.34.8.255ರವರೆಗೆ

ಬಳ್ಳಾರಿಯ ಸಾಲಿನಲ್ಲಿ 2048 ವಿಳಾಸಗಳಿರುವುದನ್ನೂ, ವಿದ್ಯಾರ್ಥಿಗಳು ಬಳಸುವ ಗಣಕ ಪ್ರಯೋಗಾಲಯದ 256 ವಿಳಾಸಗಳು ಆ ಸಾಲಿನೊಳಗೇ ಬರುವುದನ್ನೂ ಓದುಗರು ಗಮನಿಸಬೇಕು. ಕುರುಗೋಡಿನ ಕೇಂದ್ರಕ್ಕೆ ಇನ್ನೂ ಸ್ವಂತ ಹೆಸರಿಲ್ಲ, ಅದು 10.34.7ರಿಂದ ಆರಂಭವಾಗುವ ವಿಳಾಸಗಳನ್ನು ಬಳಸಿಕೊಂಡು ಬಳ್ಳಾರಿಯ ಲೆಕ್ಕದಲ್ಲಿಯೇ ಇದೆ. ಇನ್ನು ನಿಯಮಗಳು:

1. ಪ್ರಯೋಗಾಲಯದಿಂದ ಅಂಕಭಂಡಾರಕ್ಕೆ: ತಡೆ.
2. ಸಿರುಗುಪ್ಪದಿಂದ ಅಂಕಭಂಡಾರಕ್ಕೆ, ಪೋರ್ಟ್ 443: ಬಿಡು.
3. ಬಳ್ಳಾರಿಯಿಂದ ಅಂಕಭಂಡಾರಕ್ಕೆ, ಪೋರ್ಟ್ 443: ಬಿಡು.
4. ಉಳಿದುದೆಲ್ಲ: ತಡೆ.

ಈ ವ್ಯವಸ್ಥೆಯ ಅನುಕೂಲವು ಸ್ಪಷ್ಟವಾಗಿಯೇ ಇದೆ. ನಾಳೆ ಸಿರುಗುಪ್ಪದ ಶಾಖೆಯ ವಿಳಾಸಗಳು ಬದಲಾದರೆ ಕೋಷ್ಟಕದ ಒಂದು ಸಾಲನ್ನು ತಿದ್ದಿದರೆ ಸಾಕು. ಸಿರುಗುಪ್ಪ ಎಂಬ ಹೆಸರು ನೂರು ನಿಯಮಗಳಲ್ಲಿದ್ದರೂ ಅವನ್ನು ಮುಟ್ಟಬೇಕಾಗಿಲ್ಲ. ಬೀಜಗಣಿತದಲ್ಲಿ ಒಂದು ಅಕ್ಷರದ ಬೆಲೆಯನ್ನು ಬದಲಾಯಿಸಿದರೆ ಸಮೀಕರಣವನ್ನು ಮತ್ತೆ ಬರೆಯಬೇಕಾಗಿಲ್ಲವಷ್ಟೆ.

ಆದರೆ ಬದಲಾಗುವುದು ಬೆಲೆಯಲ್ಲದೆ ಅಕ್ಷರವೇ ಆಗಿದ್ದರೆ?

ಕೂಗುವ ತಪ್ಪು, ಮೌನದ ತಪ್ಪು

ಮೇಲ್ವಿಚಾರಕನು ಕೋಷ್ಟಕದಲ್ಲಿ 'ಸಿರುಗುಪ್ಪ' ಎಂಬುದನ್ನು 'ಸಿರುಗುಪ್ಪಶಾಖೆ' ಎಂದು ತಿದ್ದಿ, ನಿಯಮಗಳನ್ನು ತಿದ್ದಲು ಮರೆತನೆಂದು ಭಾವಿಸೋಣ. ಎರಡನೆಯ ನಿಯಮದಲ್ಲಿರುವ 'ಸಿರುಗುಪ್ಪ'ಕ್ಕೆ ಈಗ ಕೋಷ್ಟಕದಲ್ಲಿ ದಿಕ್ಕಿಲ್ಲ. ಇಂತಹುದನ್ನು ಅನಾಥ ಉಲ್ಲೇಖ ಎಂದು ಕರೆಯೋಣ. ಅನಾಥವಾದ ನಿಯಮವು ಯಾವ ಪ್ಯಾಕೆಟ್ಟಿಗೂ ಹೊಂದುವುದಿಲ್ಲವೆಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಸಿರುಗುಪ್ಪದಿಂದ ಬಂದ ಪ್ಯಾಕೆಟ್ಟು ನಾಲ್ಕನೆಯ ನಿಯಮಕ್ಕೆ ಸಿಕ್ಕಿ ತಡೆಯಲ್ಪಡುವುದು. ಅರ್ಧ ಗಂಟೆಯೊಳಗೆ ಸಿರುಗುಪ್ಪದ ಗುಮಾಸ್ತರು ದೂರವಾಣಿಯಲ್ಲಿ ಕೂಗಾಡುವರು. ಮೇಲ್ವಿಚಾರಕನು ತಪ್ಪನ್ನು ಕಂಡುಹಿಡಿದು ತಿದ್ದುವನು. ಕಷ್ಟವಾಯಿತು, ಆದರೆ ಅನಾಹುತವಾಗಲಿಲ್ಲ.

ಈಗ ಅದೇ ಮೇಲ್ವಿಚಾರಕನು 'ಪ್ರಯೋಗಾಲಯ' ಎಂಬ ಹೆಸರನ್ನು 'ಗಣಕಶಾಲೆ' ಎಂದು ತಿದ್ದಿದನೆನ್ನೋಣ. ಮೊದಲನೆಯ ನಿಯಮವು ಅನಾಥವಾಯಿತು. ವಿದ್ಯಾರ್ಥಿಗಳ ಗಣಕದಿಂದ ಹೊರಟ ಪ್ಯಾಕೆಟ್ಟು ಮೊದಲನೆಯ ನಿಯಮಕ್ಕೆ ಹೊಂದದೆ, ಎರಡನೆಯದಕ್ಕೂ ಹೊಂದದೆ, ಮೂರನೆಯದಕ್ಕೆ ಬರುವುದು. ಅದರ ವಿಳಾಸವು ಬಳ್ಳಾರಿಯ ಸಾಲಿನೊಳಗೆ ಇರುವುದರಿಂದ ಕಾವಲುಗಾರನು ಅದನ್ನು ಅಂಕಭಂಡಾರಕ್ಕೆ ಬಿಟ್ಟುಬಿಡುವನು! ಈ ಸಲ ದೂರವಾಣಿಯ ಗಂಟೆ ಬಾರಿಸುವುದಿಲ್ಲ. ಯಾರ ಕೆಲಸವೂ ನಿಂತಿಲ್ಲ. ಎಲ್ಲವೂ ಸುಗಮವಾಗಿಯೇ ಕಾಣುವುದು. ಅಂಕಗಳನ್ನು ತಿದ್ದಬಲ್ಲ ಕೈಯೊಂದು ಆ ಬಾಗಿಲನ್ನು ಕಂಡುಕೊಳ್ಳುವವರೆಗೂ ತಪ್ಪು ಹಾಗೆಯೇ ಇರುವುದು.

ಎರಡು ಸಂದರ್ಭಗಳಲ್ಲಿಯೂ ನಡೆದ ತಪ್ಪು ಒಂದೇ, ಫಲಗಳು ಮಾತ್ರ ಬೇರೆ. ಬಿಡುವ ನಿಯಮವು ಅನಾಥವಾದರೆ ಬಾಗಿಲು ಮುಚ್ಚುವುದು. ಅದು ಕೂಗಿ ಹೇಳುವ ತಪ್ಪು. ತಡೆಯುವ ನಿಯಮವು ಅನಾಥವಾದರೆ ಬಾಗಿಲು ತೆರೆದುಕೊಳ್ಳುವುದು. ಅದು ಮೌನವಾಗಿರುವ ತಪ್ಪು. ನಾವು ಹೆಚ್ಚು ಹೆದರಬೇಕಾದುದು ಎರಡನೆಯದಕ್ಕೆ.

ಅನಾಥ ಉಲ್ಲೇಖವನ್ನು ಕಂಡಾಗ ಎಲ್ಲ ಯಂತ್ರಗಳೂ ಒಂದೇ ರೀತಿಯಾಗಿ ವರ್ತಿಸುವುದಿಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ 2014ರಿಂದ ಬಂದಿರುವ 'ಎನ್‌ಎಫ್‌ಟೇಬಲ್ಸ್' ಎಂಬ ಸಾಧನವು, ಇಲ್ಲದ ಗಣವೊಂದನ್ನು ಉಲ್ಲೇಖಿಸುವ ನಿಯಮವನ್ನು ಕೊಟ್ಟರೆ, ಅದನ್ನು ಸ್ವೀಕರಿಸುವುದೇ ಇಲ್ಲ; ಹಳೆಯ ನಿಯಮಗಳೇ ಮುಂದುವರಿಯುವುವು. ಸಿಸ್ಕೋ ಕಂಪನಿಯ 'ಐಒಎಸ್' ತಂತ್ರಾಂಶದಲ್ಲಿ ಬೇರೊಂದು ಸಂಪ್ರದಾಯವಿದೆ. ಬರೆಯದೇ ಇರುವ ನಿಯಮಪಟ್ಟಿಯ ಹೆಸರನ್ನು ಒಂದು ದ್ವಾರಕ್ಕೆ ಕಟ್ಟಿದರೆ, ಅಲ್ಲಿ ಪಟ್ಟಿಯೇ ಇಲ್ಲವೆಂದು ತಿಳಿದು ಅದು ಎಲ್ಲವನ್ನೂ ಬಿಡುವುದು. ಆದುದರಿಂದ ತನ್ನ ಯಂತ್ರವು ಯಾವ ಪಂಗಡಕ್ಕೆ ಸೇರಿದುದೆಂಬುದನ್ನು ಮೇಲ್ವಿಚಾರಕನು ಮೊದಲೇ ತಿಳಿದಿರತಕ್ಕದ್ದು.

ಹಳೆಯ ಹೆಸರು, ಹೊಸ ವಸ್ತು

ಇದಕ್ಕಿಂತಲೂ ಮೋಸಕರವಾದ ಇನ್ನೊಂದು ಸಂದರ್ಭವುಂಟು. ಗಣಕ ಪ್ರಯೋಗಾಲಯಕ್ಕೆ 'ಗಣಕಶಾಲೆ' ಎಂದು ಹೆಸರಿಟ್ಟ ಮೇಲೆ, ಖಾಲಿಯಾದ 'ಪ್ರಯೋಗಾಲಯ' ಎಂಬ ಹೆಸರನ್ನು ಹೊಸ ರಸಾಯನಶಾಸ್ತ್ರದ ಕೊಠಡಿಗೆ ಕೊಟ್ಟರೆಂದು ಭಾವಿಸಿರಿ. ಈಗ ಮೊದಲನೆಯ ನಿಯಮವು ಅನಾಥವಲ್ಲ. ಯಾವ ಯಂತ್ರವೂ ಅದರಲ್ಲಿ ದೋಷವನ್ನು ಕಾಣಲಾರದು. ಆದರೆ ಅದು ತಡೆಯಬೇಕಾದವರನ್ನು ಬಿಟ್ಟು ಬೇರೆಯವರನ್ನು ತಡೆಯುತ್ತಿರುವುದು.

ಇಂತಹುದು ವಿಜ್ಞಾನದ ಚರಿತ್ರೆಯಲ್ಲಿಯೇ ನಡೆದಿದೆ. ಪರಮಾಣುಸಂಖ್ಯೆ 104 ಆಗಿರುವ ಧಾತುವನ್ನು ಅಮೆರಿಕದವರು ರುದರ್‌ಫೋರ್ಡಿಯಮ್ ಎಂದೂ, ರಷ್ಯದವರು ಕುರ್ಚಟೋವಿಯಮ್ ಎಂದೂ ಕರೆಯುತ್ತಿದ್ದರು. ಈ ಜಗಳವನ್ನು ಬಗೆಹರಿಸಲು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಘವು 1994ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟಿತು. ಅದರಂತೆ 104ಕ್ಕೆ ಡುಬ್ನಿಯಮ್, 106ಕ್ಕೆ ರುದರ್‌ಫೋರ್ಡಿಯಮ್ ಎಂದು ಹೆಸರಾಗಬೇಕಾಗಿತ್ತು. ಅದಕ್ಕೆ ವಿರೋಧ ಬಂದುದರಿಂದ 1997ರಲ್ಲಿ ಕಡೆಯ ತೀರ್ಮಾನವಾಯಿತು: 104 ರುದರ್‌ಫೋರ್ಡಿಯಮ್, 105 ಡುಬ್ನಿಯಮ್, 106 ಸೀಬೋರ್ಗಿಯಮ್. ಆದುದರಿಂದ ಆ ಮೂರು ವರ್ಷಗಳ ಬರಹವೊಂದರಲ್ಲಿ 'ಡುಬ್ನಿಯಮ್' ಎಂಬ ಮಾತನ್ನು ಕಂಡರೆ, ಅದು 104ನೆಯ ಧಾತುವೋ 105ನೆಯದೋ ಎಂಬುದನ್ನು ಹೆಸರೊಂದರಿಂದಲೇ ನಿರ್ಣಯಿಸಲಾಗದು.

ಆದರೂ ಭೌತವಿಜ್ಞಾನಿಗಳು ದಿಕ್ಕುತಪ್ಪಲಿಲ್ಲ. ಏಕೆಂದರೆ 1913ರಲ್ಲಿ ಮೋಸ್ಲಿ ಎಂಬ ತರುಣ ವಿಜ್ಞಾನಿಯು ಎಕ್ಸ್-ಕಿರಣಗಳ ಪ್ರಯೋಗದಿಂದ, ಪರಮಾಣುಸಂಖ್ಯೆಯು ಪಟ್ಟಿಯಲ್ಲಿನ ಬರಿಯ ಕ್ರಮಾಂಕವಲ್ಲ, ಪರಮಾಣುವಿನ ಬೀಜದಲ್ಲಿರುವ ವಿದ್ಯುದಂಶಕ್ಕೆ ಸಂಬಂಧಿಸಿದುದು ಎಂದು ತೋರಿಸಿಕೊಟ್ಟಿದ್ದನು. ಹೆಸರಿನ ಜಗಳ ಎಷ್ಟು ವರ್ಷ ನಡೆದರೂ 104 ಪ್ರೋಟಾನುಗಳುಳ್ಳ ಧಾತುವು 104ನೆಯದೇ. ನಮ್ಮ ತೊಡಕಿನ ಪರಿಹಾರದ ಬೀಜವು ಇಲ್ಲಿಯೇ ಇದೆ: ಕರೆಯಲು ಒಂದು ಹೆಸರಿರಲಿ, ಗುರುತಿಸಲು ಎಂದೂ ಬದಲಾಗದ ಒಂದು ಸಂಖ್ಯೆಯಿರಲಿ.

ಅಂಚೆಯವರು ಮಾಡಿದ ಉಪಾಯ

ಭಾರತದ ಅಂಚೆ ಇಲಾಖೆಯು 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಕೋಡನ್ನು ಜಾರಿಗೆ ತಂದಿತು. ಒಂದೇ ಹೆಸರಿನ ಹಲವು ಊರುಗಳು, ಒಂದೇ ಊರಿಗೆ ಹಲವು ಬಗೆಯ ಕಾಗುಣಿತ, ಹತ್ತಾರು ಲಿಪಿಗಳು ಇವುಗಳ ನಡುವೆ ಕಾಗದವು ದಾರಿತಪ್ಪದಿರಲೆಂಬುದೇ ಅದರ ಉದ್ದೇಶ. ಬಳ್ಳಾರಿಗೆ 583101, ಸಿರುಗುಪ್ಪಕ್ಕೆ 583121. ನಗರದ ಇಂಗ್ಲಿಷ್ ಹೆಸರು 2014ರಲ್ಲಿ ಬದಲಾದಾಗ ಈ ಸಂಖ್ಯೆಗಳು ಕದಲಲಿಲ್ಲ. ರೈಲ್ವೆಯವರೂ ಬಳ್ಳಾರಿ ನಿಲ್ದಾಣಕ್ಕಿದ್ದ 'ಬಿ, ಎ, ವೈ' ಎಂಬ ಮೂರಕ್ಷರದ ಸಂಕೇತವನ್ನು ಹಾಗೆಯೇ ಉಳಿಸಿಕೊಂಡರು. ಫಲಕದ ಮೇಲಿನ ಹೆಸರು ಹೊಸದಾಯಿತು. ಟಿಕೆಟಿನ ಲೆಕ್ಕವನ್ನು ಇಡುವ ಗಣಕಗಳಿಗೆ ನಿಲ್ದಾಣವು ಹಿಂದಿನದೇ ಆಗಿ ಉಳಿಯಿತು.

ಗುರುತಿನ ಸಂಕೇತದೊಳಗೆ ಬದಲಾಗಬಹುದಾದ ಅರ್ಥವನ್ನು ತುಂಬಬಾರದೆಂಬುದೂ ಇಲ್ಲಿ ಕಲಿಯಬೇಕಾದ ಪಾಠ. ವಾಹನಗಳ ಸಂಖ್ಯೆಯಲ್ಲಿ ರಾಜ್ಯದ ಹೆಸರಿನಿಂದ ತೆಗೆದ ಎರಡು ಇಂಗ್ಲಿಷ್ ಅಕ್ಷರಗಳಿರುವುವು. ಒರಿಸ್ಸ ರಾಜ್ಯವು 2011ರಲ್ಲಿ ಒಡಿಶಾ ಆದ ಮೇಲೆ 2012ರಲ್ಲಿ 'ಓ-ಆರ್' ಹೋಗಿ 'ಓ-ಡಿ' ಬಂದಿತು. ತೆಲಂಗಾಣದಲ್ಲಿ 2024ರ ಮಾರ್ಚಿಯಿಂದ 'ಟಿ-ಎಸ್'ಗೆ ಬದಲಾಗಿ 'ಟಿ-ಜಿ' ಎಂದಾಯಿತು. ಹಳೆಯ ವಾಹನಗಳು ಹಳೆಯ ಅಕ್ಷರಗಳನ್ನೇ ಇಟ್ಟುಕೊಂಡುವು. ಈಗ ಆ ರಾಜ್ಯಗಳ ವಾಹನಗಳನ್ನೆಲ್ಲ ಹುಡುಕಬೇಕಾದ ಗಣಕಕ್ಕೆ ಎರಡೆರಡು ಸಂಕೇತಗಳನ್ನು ಕಲಿಸಬೇಕು.

ಹರಪನಹಳ್ಳಿಯ ಕಥೆ ಇನ್ನೂ ಸ್ವಾರಸ್ಯವಾದುದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ಮತ್ತೆ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಊರು ಒಂದು ಗೇಣೂ ಸರಿದಿಲ್ಲ. ಅದರ ಪಿನ್ ಕೋಡ್ 583131. ದಾವಣಗೆರೆ ನಗರದ ಪಿನ್ ಕೋಡುಗಳು 577ರಿಂದ ಆರಂಭವಾಗುವುವು. ಆದರೂ ಹರಪನಹಳ್ಳಿಯು ದಾವಣಗೆರೆ ಜಿಲ್ಲೆಯಲ್ಲಿದ್ದಾಗಲೂ ಅದರ ಸಂಖ್ಯೆ 583ರಿಂದಲೇ ಆರಂಭವಾಗುತ್ತಿತ್ತು. ಅಂಚೆಯವರು ತಮ್ಮ ಸಂಖ್ಯೆಯನ್ನು ಕಾಗದದ ಸಾಗಾಟಕ್ಕೆ ಹೊಂದಿಸಿದರೇ ಹೊರತು ಜಿಲ್ಲೆಯ ಗಡಿಗೆ ಕಟ್ಟಿಹಾಕಲಿಲ್ಲ.

ಕೆಲವು ಫೈರ್‌ವಾಲುಗಳಲ್ಲಿ ಇದೇ ಉಪಾಯವನ್ನು ಅನುಸರಿಸಿರುವರು. ಕೋಷ್ಟಕದ ಪ್ರತಿಯೊಂದು ಸಾಲಿಗೂ ಯಂತ್ರವು ಗುಟ್ಟಾಗಿ ಒಂದು ಸಂಖ್ಯೆಯನ್ನು ಕೊಡುವುದು. ನಿಯಮದೊಳಗೆ ಬರೆದಿಡುವುದು ಆ ಸಂಖ್ಯೆಯನ್ನು. ಮನುಷ್ಯನ ಕಣ್ಣಿಗೆ ತೋರಿಸುವುದು ಹೆಸರನ್ನು. ಹೆಸರನ್ನು ಹತ್ತು ಸಲ ಬದಲಾಯಿಸಿದರೂ ನಿಯಮವು ಕೆಡದು. ಹೆಸರನ್ನೇ ನೇರವಾಗಿ ಬರೆದಿಡುವ ಯಂತ್ರಗಳಲ್ಲಿ ಮಾತ್ರ ಎಚ್ಚರಿಕೆಯ ಭಾರವೆಲ್ಲವೂ ಮನುಷ್ಯನ ಮೇಲೆ ಬೀಳುವುದು.

ಕಾಡ್ ಹಾಕಿಕೊಟ್ಟ ದಾರಿ

ಒಂದು ಕೋಷ್ಟಕವು ಇನ್ನೊಂದು ಕೋಷ್ಟಕವನ್ನು ಉಲ್ಲೇಖಿಸುವ ಈ ಪ್ರಶ್ನೆಗೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದವನು ಎಡ್ಗರ್ ಕಾಡ್. ಐಬಿಎಂ ಸಂಸ್ಥೆಯಲ್ಲಿದ್ದ ಈ ಗಣಿತಜ್ಞನು 1970ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿನ ಬ್ಯಾಂಕು, ರೈಲ್ವೆ, ಭೂದಾಖಲೆಗಳ ಗಣಕವ್ಯವಸ್ಥೆಗಳಿಗೆ ಮೂಲವಾಯಿತು. ಅವನ ಕೆಲಸದಿಂದ ಬೆಳೆದ ಪದ್ಧತಿಯಲ್ಲಿ ಮುಖ್ಯವಾದ ನಿಯಮವೊಂದಿದೆ: ಉಲ್ಲೇಖವಿದ್ದಲ್ಲಿ ಉಲ್ಲೇಖಿತ ವಸ್ತುವೂ ಇರಲೇಬೇಕು. ಮೂಲದ ಸಾಲನ್ನು ಯಾರಾದರೂ ಬದಲಾಯಿಸಲು ಅಥವಾ ಅಳಿಸಲು ಹೊರಟರೆ ಯಂತ್ರವು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದು.

ಒಂದನೆಯದು, ನಿರಾಕರಣೆ. ಇನ್ನೊಬ್ಬರು ಇದನ್ನು ನೆಚ್ಚಿಕೊಂಡಿರುವರು, ಅಳಿಸಲಾಗದು, ಎಂದು ಯಂತ್ರವು ಹೇಳುವುದು. ರೈಲ್ವೆಯ ಇಂಟರ್‌ಲಾಕಿಂಗ್ ಇದಕ್ಕೆ ಒಳ್ಳೆಯ ಹೋಲಿಕೆ. ಗಾಡಿ ಬರಲೆಂದು ಸಿಗ್ನಲ್ ಕೊಟ್ಟಿರುವಾಗ ಆ ದಾರಿಯ ಪಾಯಿಂಟನ್ನು ಸರಿಸಲು ಸನ್ನೆಯು ಅಲುಗುವುದೇ ಇಲ್ಲ. ಹಿಂದೆ ಹೇಳಿದ ಎನ್‌ಎಫ್‌ಟೇಬಲ್ಸ್ ಕೂಡ ನಿಯಮವೊಂದು ಬಳಸುತ್ತಿರುವ ಗಣವನ್ನು ಅಳಿಸಲು ಒಪ್ಪುವುದಿಲ್ಲ.

ಎರಡನೆಯದು, ಅನುಸರಣೆ. ಮೂಲದಲ್ಲಿ ಹೆಸರು ಬದಲಾದೊಡನೆ ಅದನ್ನು ಉಲ್ಲೇಖಿಸುವ ಪ್ರತಿಯೊಂದು ಸ್ಥಳದಲ್ಲಿಯೂ ಯಂತ್ರವೇ ಬದಲಾಯಿಸುವುದು. ಆದರೆ ಇದರಲ್ಲಿ ಒಂದು ಕಟ್ಟುನಿಟ್ಟು ಬೇಕು: ಎಲ್ಲವೂ ಒಟ್ಟಿಗೆ ಬದಲಾಗಬೇಕು, ಇಲ್ಲವೆ ಯಾವುದೂ ಬದಲಾಗಬಾರದು. ಹತ್ತರಲ್ಲಿ ಆರು ನಿಯಮಗಳನ್ನು ತಿದ್ದಿದಾಗ ವಿದ್ಯುತ್ತು ಹೋದರೆ, ಉಳಿದ ನಾಲ್ಕರ ಪಾಡೇನು? ಬ್ಯಾಂಕಿನಲ್ಲಿ ಒಂದು ಖಾತೆಯಿಂದ ಹಣವನ್ನು ತೆಗೆದು ಇನ್ನೊಂದಕ್ಕೆ ಹಾಕುವ ಮೊದಲೇ ಕೆಲಸ ನಿಂತುಹೋದ ಹಾಗಾಗುವುದು.

ಇಮ್ಮಡಿಯಾಗಿ ಒಡೆದಾಗ

ಇಷ್ಟೆಲ್ಲವೂ ಹೆಸರು ಬದಲಾಗುವುದರ ಮಾತಾಯಿತು. ನಮ್ಮ ವಿದ್ಯಾರ್ಥಿಯ ಕಷ್ಟವು ಇದಕ್ಕಿಂತ ಸ್ವಲ್ಪ ಬೇರೆ. ಅವನ ಹಳ್ಳಿಯ ತಾಲ್ಲೂಕಿಗೆ ಹೊಸ ಹೆಸರಿಟ್ಟಿರಲಿಲ್ಲ; ತಾಲ್ಲೂಕೇ ಒಡೆದಿತ್ತು. ಕುರುಗೋಡನ್ನು ತಾಲ್ಲೂಕನ್ನಾಗಿ ಮಾಡುವ ವಿಷಯವು 2017ರ ರಾಜ್ಯ ಬಜೆಟ್ಟಿನಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರ. ಇಂದು ಬಳ್ಳಾರಿ ಜಿಲ್ಲೆಯಲ್ಲಿರುವುವು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು.

ಒಡೆಯುವಾಗ ಯಾಂತ್ರಿಕವಾದ ತಿದ್ದುಪಡಿಯು ಸಾಲದು. ಹಳೆಯ ಕಾಗದದಲ್ಲಿ 'ಬಳ್ಳಾರಿ ತಾಲ್ಲೂಕು' ಎಂದಿದ್ದರೆ ಅದು ಈಗಿನ ಬಳ್ಳಾರಿಯೋ ಕುರುಗೋಡೋ ಎಂಬುದನ್ನು ಆ ಎರಡು ಮಾತುಗಳಿಂದ ಹೇಳಲಾಗದು. ಹಳ್ಳಿಯ ಹೆಸರನ್ನು ನೋಡಿಯೇ ತೀರ್ಮಾನಿಸಬೇಕು. ನಮ್ಮ ಕಾಲ್ಪನಿಕ ಸಂಸ್ಥೆಯಲ್ಲಿಯೂ ಕುರುಗೋಡಿನ ಕೇಂದ್ರವು ಬೆಳೆದು, ಅದಕ್ಕೆ ಸ್ವಂತ ಹೆಸರನ್ನೂ 10.34.9ರಿಂದ ಆರಂಭವಾಗುವ ಹೊಸ ವಿಳಾಸಗಳನ್ನೂ ಕೊಟ್ಟರೆನ್ನೋಣ. ಆಗ 'ಬಳ್ಳಾರಿ' ಎಂಬ ಹೆಸರಿರುವ ಪ್ರತಿಯೊಂದು ನಿಯಮವನ್ನೂ ಎದುರಿಗೆ ಇಟ್ಟುಕೊಂಡು, ಇದು ಇನ್ನು ಮುಂದೆ ಬಳ್ಳಾರಿಗೆ ಮಾತ್ರವೋ, ಕುರುಗೋಡಿಗೆ ಮಾತ್ರವೋ, ಇಬ್ಬರಿಗೂ ಹೌದೋ ಎಂದು ಕೇಳಬೇಕು. ಇದಕ್ಕೆ ಉತ್ತರವನ್ನು ಯಂತ್ರವು ಕೊಡಲಾರದು. ನಿಯಮವನ್ನು ಏಕೆ ಬರೆದರೆಂಬುದನ್ನು ಬಲ್ಲ ಮನುಷ್ಯನೇ ಕೊಡಬೇಕು. ಪ್ರತಿ ನಿಯಮದ ಪಕ್ಕದಲ್ಲಿ ಅದರ ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡುವುದು ಈ ದೃಷ್ಟಿಯಿಂದ ಬಹು ಉಪಯುಕ್ತ.

ಸುರಕ್ಷಿತವಾಗಿ ಬದಲಾಯಿಸುವ ಕ್ರಮ

ಹೆಸರನ್ನು ಬದಲಾಯಿಸಬೇಕಾದ ಮೇಲ್ವಿಚಾರಕನು ಅನುಸರಿಸಬೇಕಾದ ಕ್ರಮವನ್ನು ಈಗ ಸಂಗ್ರಹವಾಗಿ ಹೇಳಬಹುದು.

ಮೊದಲು, ಹಳೆಯ ಹೆಸರು ಎಲ್ಲೆಲ್ಲಿ ಬಂದಿದೆಯೆಂಬುದನ್ನು ಹುಡುಕಿ ಪಟ್ಟಿಮಾಡಬೇಕು. ನಿಯಮಗಳನ್ನು ಮಾತ್ರ ನೋಡಿದರೆ ಸಾಲದು. ಒಂದು ಹೆಸರಿನ ಗುಂಪಿನೊಳಗೆ ಇನ್ನೊಂದು ಹೆಸರು ಅಡಗಿರಬಹುದು. ಹೊತ್ತಿಗೆ ಸರಿಯಾಗಿ ತಾನಾಗಿಯೇ ನಡೆಯುವ ಕೆಲಸಗಳಲ್ಲಿಯೂ ಇರಬಹುದು.

ಎರಡನೆಯದಾಗಿ, ಹಳೆಯ ಹೆಸರನ್ನು ಅಳಿಸದೆ, ಅದರ ಪಕ್ಕದಲ್ಲಿ ಅದೇ ವಿಳಾಸಗಳುಳ್ಳ ಹೊಸ ಹೆಸರನ್ನು ಸೇರಿಸಬೇಕು. ಸ್ವಲ್ಪ ಕಾಲ ಎರಡೂ ಬಾಳಲಿ. ಹೊಸ ಸೇತುವೆಯು ಸಿದ್ಧವಾಗುವವರೆಗೆ ಹಳೆಯದನ್ನು ಕೆಡವಬಾರದು.

ಮೂರನೆಯದಾಗಿ, ನಿಯಮಗಳನ್ನು ಹೊಸ ಹೆಸರಿಗೆ ತಿರುಗಿಸಬೇಕು. ಸಾಧ್ಯವಿದ್ದಲ್ಲಿ ಎಲ್ಲವನ್ನೂ ಒಂದೇ ಕಡತದಲ್ಲಿ ಬರೆದು ಒಂದೇ ಸಲಕ್ಕೆ ಜಾರಿಗೆ ತರಬೇಕು.

ನಾಲ್ಕನೆಯದಾಗಿ, ಪರೀಕ್ಷಿಸಬೇಕು. ಸಾಮಾನ್ಯವಾಗಿ ಜನರು ಬಿಡಬೇಕಾದುದನ್ನು ಬಿಡುತ್ತಿದೆಯೇ ಎಂದು ನೋಡಿ ತೃಪ್ತರಾಗುವರು. ತಡೆಯಬೇಕಾದುದನ್ನು ತಡೆಯುತ್ತಿದೆಯೇ ಎಂಬುದನ್ನೂ ನೋಡಬೇಕು. ನಮ್ಮ ಉದಾಹರಣೆಯಲ್ಲಿ, ವಿದ್ಯಾರ್ಥಿಗಳ ಗಣಕದ ಮುಂದೆ ಕುಳಿತು ಅಂಕಭಂಡಾರವನ್ನು ತೆರೆಯಲು ಪ್ರಯತ್ನಿಸಿ, ಅದು ತೆರೆಯದಿದ್ದಾಗ ಮಾತ್ರ ಕೆಲಸ ಮುಗಿಯಿತೆನ್ನಬೇಕು. ಮೌನದ ತಪ್ಪನ್ನು ಹಿಡಿಯಲು ಇದಕ್ಕಿಂತ ಉತ್ತಮವಾದ ಮಾರ್ಗವಿಲ್ಲ.

ಕಡೆಯದಾಗಿ, ಹಳೆಯ ಹೆಸರನ್ನು ಯಾರೂ ಬಳಸುತ್ತಿಲ್ಲವೆಂದು ಖಚಿತವಾದ ಮೇಲೆ ಅಳಿಸಬೇಕು. ಅಳಿಸಿದ ಹೆಸರನ್ನು ಬೇರೊಂದು ವಸ್ತುವಿಗೆ ಕೊಡಬಾರದು. ಒಂದು ವರ್ಷದ ಹಿಂದಿನ ಪ್ರತಿಯನ್ನು ಯಾರಾದರೂ ಮತ್ತೆ ಜಾರಿಗೆ ತಂದರೆ ಸತ್ತ ಹೆಸರು ಎದ್ದ ಹಾಗಾಗಿ, ಡುಬ್ನಿಯಮ್ಮಿನ ಗೊಂದಲವು ಇಲ್ಲಿಯೂ ಉಂಟಾದೀತು.

ನಮ್ಮ ವಿದ್ಯಾರ್ಥಿಯ ಸಂಗತಿ ಏನಾಯಿತೆಂದು ಓದುಗರು ಕೇಳಬಹುದು. ಅವನು ಹೊಸ ತಾಲ್ಲೂಕಿನ ಹೆಸರಿನಲ್ಲಿ ಇನ್ನೊಂದು ಪ್ರಮಾಣಪತ್ರವನ್ನು ಪಡೆದು, ಕಡೆಯ ದಿನದ ಸಾಯಂಕಾಲ ಅರ್ಜಿಯನ್ನು ಸಲ್ಲಿಸಿದನು, ಅದು ಸ್ವೀಕೃತವಾಯಿತು. ಅವನದು ಕೂಗುವ ತಪ್ಪಾದುದರಿಂದ ತಿದ್ದಲು ಸಾಧ್ಯವಾಯಿತು. ಈಗ ಅವನು ಗಣಕವಿಜ್ಞಾನವನ್ನು ಓದುತ್ತಿದ್ದಾನೆ. ಮುಂದೊಂದು ದಿನ ಇಂತಹ ಕೋಷ್ಟಕಗಳನ್ನು ಬರೆಯುವ ಕೆಲಸವು ಅವನ ಕೈಗೇ ಬರಬಹುದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮೇಲಿನ ನಾಲ್ಕು ನಿಯಮಗಳಲ್ಲಿ ಒಂದನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿದರೆ, ಯಾವ ಹೆಸರೂ ಬದಲಾಗದಿದ್ದರೂ ಕಾವಲು ಕೆಡುವುದು. ಹೇಗೆ?

2. 'ಬಳ್ಳಾರಿ' ಎಂಬ ಹೆಸರು ಅನಾಥವಾದರೆ ಉಂಟಾಗುವುದು ಕೂಗುವ ತಪ್ಪೋ ಮೌನದ ತಪ್ಪೋ? 'ಅಂಕಭಂಡಾರ' ಎಂಬುದು ಅನಾಥವಾದರೆ?

3. ಪ್ರಯೋಗಾಲಯದ ಹೆಸರು ಅನಾಥವಾದರೂ ವಿದ್ಯಾರ್ಥಿಗಳ ಗಣಕಗಳಿಗೆ ಅಂಕಭಂಡಾರವು ತೆರೆಯದಂತೆ, ಅಂದರೆ ತಡೆಯುವ ನಿಯಮವೇ ಬೇಕಾಗದಂತೆ, ಕೋಷ್ಟಕವನ್ನೂ ನಿಯಮಗಳನ್ನೂ ಹೇಗೆ ತಿರುಗಿ ಬರೆಯಬಹುದು?